ಅಪ್ಪ ಇಲ್ಲ

ನನ್ನ ಮುದ್ದು ಅಪ್ಪಾ,

ಮದುವೆಯಾಗಿ ಎರಡು ತಿಂಗಳಾಯಿತು. ಪಲ್ಲಾವರಂನ ಈ ಪುಟ್ಟ ಮನೆಯಲ್ಲಿ ಅನಿರುದ್ಧ ಮಾಡಿಕೊಡುವ ಕಾಫಿ ಎಷ್ಟು ಚೆನ್ನಾಗಿರುತ್ತದೆ ಗೊತ್ತಾ! ಆದರೆ ಹೇಳಬೇಕೆಂದು ಕೂತಿದ್ದು ಅದಲ್ಲ.

ಇವತ್ತೂ ಸಾಲ ವಸೂಲಿಯವನು ಫೋನ್ ಮಾಡಿದ್ದ, ಬೆಳಿಗ್ಗೆಯಿಂದ ಒಂಬತ್ತನೇ ಸಲ. ನನ್ನ ರಿಸೆಪ್ಷನ್‌ಗೆಂದು ತೆಗೆದ ಸಾಲದ ಅರ್ಜಿಯಲ್ಲಿ ನೀನು ನನ್ನ ನಂಬರನ್ನೂ ಬರೆದಿದ್ದೆಯಂತೆ. ಆರ್ಕಿಡ್ ಹೂವಿನ ಸ್ಟೇಜೇ ಆಗಬೇಕೆಂದು ಹಟ ಹಿಡಿದವಳು ನಾನು.

"ಅಪ್ಪಾ ಎಂಗಮ್ಮಾ?" ಅಪ್ಪ ಎಲ್ಲಮ್ಮಾ ಎಂದು ತಮಿಳಿನಲ್ಲಿ ಗದರಿದ.

"ಅಪ್ಪಾ ಇಲ್ಲ" ಎಂದೆ. ಅವನ ತಮಿಳಿನಲ್ಲೂ ನಮ್ಮ ಕನ್ನಡದಲ್ಲೂ ಅದು ಒಂದೇ ಮಾತು. ನೀನು ಎಲ್ಲೋ ಹೊರಗೆ ಹೋಗಿದ್ದೀಯ ಎಂದುಕೊಂಡ.

"ಎಪ್ಪೋ ವರುವಾರು?" ಯಾವಾಗ ಬರುತ್ತಾರೆ, ಮಂಚದ ಕೆಳಗೆ ಅವಿತಿದ್ದಾರಾ ಎಂದು ಹಂಗಿಸಿದ.

ನೀನು ತೀರಿಹೋಗಿ ಹತ್ತೊಂಬತ್ತು ದಿನವಾಯಿತೆಂದು ಹೇಳಿದ್ದರೆ ಸುಮ್ಮನಾಗುತ್ತಿದ್ದನೋ ಏನೋ. ಹೇಳಲು ಮನಸ್ಸಾಗಲಿಲ್ಲ. ನೀನು ಬರುತ್ತೀಯ ಎಂದು ನಂಬಿರುವವನು ಈಗ ಅವನೊಬ್ಬನೇ, ಅಪ್ಪಾ.

ಸಾಯಂಕಾಲ ಬಂದುಬಿಡುತ್ತಾರೆ ಎಂದು ತಮಿಳಿನಲ್ಲೇ ಹೇಳಿದೆ. ಆರು ಗಂಟೆಗೆ ಮತ್ತೆ ಮಾಡುತ್ತಾನಂತೆ.

ಈಗ ಐದೂವರೆ. ಫೋನನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದೇನೆ.