ಬೆಳಕಿಂಡಿಯೊಳಗಿನ ಕೆಂಪು ಚುಕ್ಕೆ

ಗಜೇಂದ್ರಗಡ,
ಜನವರಿ ೧೯

ನರಗುಂದದ ನಿಜಲಿಂಗಪ್ಪ ಕಾಕಾ ಅವರಿಗೆ, ನಿಮ್ಮ ಬಾಡಿಗೆ ಮನೆಯ ಭಾರತಿಯ ನಮಸ್ಕಾರಗಳು.

ಚಳಿಗೆ ಅತ್ತೆಯ ಕೈ ಮರಗಟ್ಟುತ್ತದೆ ಎಂದು ದೂರಿದವಳು ನಾನೇ. ಶಾಖ ಎಲ್ಲಿ ಸೋರುತ್ತದೆಂದು ನೋಡಲು ನೀವು ಬೆಳಗಿನ ಜಾವ ಡ್ರೋನ್ ಹಾರಿಸಿ ತೆಗೆಸಿದ ಚಿತ್ರ ತಲುಪಿತು. ತಣ್ಣಗಿದ್ದದ್ದು ನೀಲಿಯಾಗಿ, ಬೆಚ್ಚಗಿದ್ದದ್ದು ಹಳದಿಯಾಗಿ, ಬಿಸಿಯಾದದ್ದು ಕೆಂಪಾಗಿ ಕಾಣುವ ಚಿತ್ರವದು. ಮಣ್ಣಿನ ಮಾಳಿಗೆಯೆಲ್ಲ ನೀಲಿ, ಬೆಳಕಿಂಡಿ ಮಾತ್ರ ಹಳದಿ. ಸೋಮವಾರ ಗಾರೆ ಕೆಲಸದ ಗವಂಡಿಯನ್ನು ಕಳಿಸಿ ಅದನ್ನು ಸಿಮೆಂಟಿನಿಂದ ಮುಚ್ಚಿಸುವುದಾಗಿ ಬರೆದಿದ್ದೀರಿ.

ಹಳದಿಯ ನಡುವೆ ಅಕ್ಕಿಕಾಳಿನಷ್ಟು ಕೆಂಪು ಚುಕ್ಕೆಯೊಂದಿದೆ. ನೀವು ಅದನ್ನು ಬಿರುಕು ಎಂದುಕೊಂಡಿದ್ದೀರಿ. ನನಗೆ ಕುತೂಹಲ ತಡೆಯಲಿಲ್ಲ. ಮರುದಿನ ಅದೇ ಹೊತ್ತಿಗೆ ಮಾಳಿಗೆ ಹತ್ತಿ ಕಿಂಡಿಯೊಳಗೆ ಬಗ್ಗಿ ನೋಡಿದೆ. ನೇರ ಕೆಳಗೆ ಅತ್ತೆ ಮಾನವ್ವ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದಲ್ಲಿ ಕೂತು ಬೆಳಕಿಗಾಗಿ ಕಾಯುತ್ತಿದ್ದರು. ಆ ಚುಕ್ಕೆ ಅವರ ತಲೆ!

ಹೇಳಿದರೆ, “ಅಯ್ಯ, ನನ್ನ ನೆತ್ತಿ ಅಷ್ಟ ಬಿಸಿ ಐತೇನ? ಹಂಗಾರ ನಾ ಭಾಳ ಸಿಟ್ಟಿನಾಕಿ ಅಂತ ನಿಮ್ಮ ಮಾವ ಹೇಳತಿದ್ದದ್ದು ಖರೇನ ಬಿಡು” ಎಂದು ನಕ್ಕರು.

ಗವಂಡಿ ಬರುವ ವಿಷಯ ಅವರಿಗೆ ಹೇಳಿಲ್ಲ. ಬಲ್ಬಿನ ಬೆಳಕಿನಲ್ಲಿ ಅವರಿಗೆ ಈಗ ಕೆಂಪು ಎಳೆ, ಕಂದು ಎಳೆ ಒಂದೇ ಆಗಿ ಕಾಣುತ್ತವೆ. ಕಳೆದ ತಿಂಗಳು ಹಾಗೇ ನೇಯ್ದು ಒಂದು ಗೇಣು ಅಂಚು ಬಿಚ್ಚಿದರು. ಕಿಂಡಿ ಮುಚ್ಚಿದರೆ ಅವರ ಮಗ್ಗ ನಿಂತಂತೆಯೇ.

ಆದ್ದರಿಂದ ಗವಂಡಿಯ ಕೈಯಲ್ಲಿ ಸಿಮೆಂಟಿನ ಬದಲು ದಪ್ಪ ಗಾಜು ಕಳಿಸಿರಿ. ಅಳತೆ ಒಂದು ಮೊಳ ಉದ್ದ, ಒಂದು ಮೊಳ ಅಗಲ.

ಗಾಜು ಬೆಳಕು ಬಿಟ್ಟರೂ ಶಾಖ ತಡೆಯುವುದರಿಂದ, ಅದನ್ನು ಕೂರಿಸಿದ ಮೇಲೆ ಡ್ರೋನಿಗೆ ಆ ಚುಕ್ಕೆ ಕಾಣುವುದಿಲ್ಲವಂತೆ. ಆಗಲೂ ಅತ್ತೆ ಅಲ್ಲೇ ಕೂತಿದ್ದಾರೆಂದು ತಿಳಿಯಿರಿ.

ನಿಮ್ಮ ಉತ್ತರ ಸೋಮವಾರದೊಳಗೆ ಬರಲಿ ಎಂದು ಕೋರುವ,
ಭಾರತಿ