ಒದ್ದ ಎಮ್ಮೆಗೆ ವಿಮೆ ಉಂಟು, ಒದೆಸಿಕೊಂಡ ಹೆಂಗಸಿಗಿಲ್ಲ

ವಿಮಾ ಕಂಪನಿಯ ವಿಭಾಗೀಯ ವ್ಯವಸ್ಥಾಪಕರಿಗೆ,

ಮಾನ್ಯರೇ,

ಎಮ್ಮೆ ಒದ್ದು ಕೈ ಮುರಿಯುವುದಕ್ಕೂ ಏಡ್ಸ್ ರೋಗದ ವೈರಸ್ಸಿಗೂ ಏನು ಸಂಬಂಧವೆಂದು ಈವರೆಗೆ ಯಾವ ವೈದ್ಯರಿಗೂ ತಿಳಿದಿರಲಿಲ್ಲ. ತಮ್ಮ ಕಚೇರಿ ಅದನ್ನು ಕಂಡುಹಿಡಿದು, ಟೈಪ್ ಮಾಡಿಸಿ, ಮೊಹರು ಒತ್ತಿ ನಮ್ಮೂರಿಗೆ ಕಳಿಸಿದೆ. ನಮ್ಮೂರಿನ ಸೋಮಮ್ಮನವರ ಆಸ್ಪತ್ರೆ ಖರ್ಚನ್ನು ಕೊಡಲಾಗದೆಂದು ತಾವು ಬರೆದ ಆ ಕಾಗದ ನನಗೆ ಬಂದದ್ದಲ್ಲ. ಆದರೂ ಓದಿದವಳು ನಾನು, ಅದೂ ಗಟ್ಟಿಯಾಗಿ. ಈ ಪತ್ರ ಬರೆಯುತ್ತಿರುವುದು ಆ ಕಾರಣಕ್ಕೇ.

ನಮ್ಮದು ಸಂತೆಬಾಚಹಳ್ಳಿ ಹೋಬಳಿಯ ಒಂದು ಹಳ್ಳಿ. ಹೋದ ವರ್ಷ, 1996ರಲ್ಲಿ, ತಮ್ಮ ಏಜೆಂಟರು ನಮ್ಮ ಹಾಲಿನ ಡೈರಿಗೆ ಬಂದರು. ಹಸು ಎಮ್ಮೆಗಳ ಕಿವಿಗೆ ನಂಬರಿನ ಬಿಲ್ಲೆ ಹೊಡೆಸಿ ಅವುಗಳಿಗೆ ವಿಮೆ ಮಾಡಿದರು. ಹಾಗೆಯೇ ಹಾಲು ಹಾಕುವ ಸದಸ್ಯರಿಗೆಲ್ಲ ಒಟ್ಟಾಗಿ ಆರೋಗ್ಯ ವಿಮೆಯನ್ನೂ ಮಾಡಿಸಿದರು. "ಯಾವ್ ಆಸ್ಪತ್ರೆಗೆ ಸೇರುದ್ರೂ ಬಿಲ್ಲು ಕಳ್ಸಿ, ಕಂಪ್ನಿ ನೋಡ್ಕತದೆ" ಎಂದು ಹೇಳಿ, ಮಜ್ಜಿಗೆ ಕುಡಿದು ಹೋದರು. ಸೋಮಮ್ಮನವರು ಎರಡಕ್ಕೂ ಹೆಬ್ಬೆಟ್ಟು ಒತ್ತಿದರು. ಈ ವರ್ಷದ ಯುಗಾದಿಯಾಗಿ ವಾರಕ್ಕೆ ಆ ಬಿಲ್ಲೆಯ ಎಮ್ಮೆ ಹಾಲು ಕರೆಯುವಾಗ ಒದ್ದು ಅವರ ಬಲ ಮೊಣಕೈ ಮುರಿಯಿತು. ಆಪರೇಶನ್ನಿಗೆ ಮುಂಚೆ ಆಸ್ಪತ್ರೆಯವರು ರಕ್ತ ಪರೀಕ್ಷಿಸಿ, ಕಂಡದ್ದನ್ನು ಕೇಸ್ ಶೀಟಿನಲ್ಲಿ ಬರೆದರು, ಬಿಲ್ಲಿನ ಜೊತೆ ತಮಗೂ ಕಳಿಸಿದರು. ಆ ರಕ್ತ ಯಾರದೋ ಅವರಿಗೆ ಹೇಳುವುದನ್ನು ಮಾತ್ರ ಮರೆತರು. ಮೊಣಕೈಗೆ ತಂತಿ ಹಾಕಿ, ಆರು ತಿಂಗಳಿಗೆ ಮತ್ತೊಂದು ಆಪರೇಶನ್ ಮಾಡಿ ಅದನ್ನು ತೆಗೆಯದಿದ್ದರೆ ಕೈ ಮಡಚಲು ಬಾರದು ಎಂದು ಮನೆಗೆ ಕಳಿಸಿದರು. ತಮ್ಮಿಂದ ಮೊದಲನೆಯದರ ಹಣ ಬಂದರೆ ಎರಡನೆಯದು ಎಂದು ಸೋಮಮ್ಮನವರು ಕಾಯುತ್ತಿದ್ದರು.

ನಮ್ಮ ಡೈರಿಗೆ ಬರುವ ಕಚೇರಿ ಕಾಗದಗಳನ್ನು ಬೆಳಿಗ್ಗೆ ಹಾಲು ಹಾಕುವ ಹೊತ್ತಿನಲ್ಲಿ ಸಾಲಿನವರಿಗೆಲ್ಲ ಕೇಳುವಂತೆ ಓದುವುದು ರೂಢಿ. ಪಶುವೈದ್ಯರು ಬರುವ ದಿನ, ಹಿಂಡಿಯ ದರ, ಎಲ್ಲವೂ ಊರಿಗೆ ತಿಳಿಯುವುದು ಹಾಗೆಯೇ. ತಾವು ಸೋಮಮ್ಮನವರ ಕಾಗದವನ್ನು ಅವರಿಗೆ ಕಳಿಸದೆ ಡೈರಿಗೆ ಕಳಿಸಿದಿರಿ, ಇಂಗ್ಲಿಷಿನಲ್ಲಿ. ಕಾರ್ಯದರ್ಶಿ ನಾಗರಾಜು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನ ಕಡೆ ಚಾಚಿದರು.

"ತಗಳವ್ವ, ನೀನು ಬಿ.ಎ. ಓದಿದ್ದೀಯಲ್ಲ. ವಸಿ ಗಟ್ಟಿಯಾಗ್ ಓದು, ಇಂದ್ಗಡೆಯವ್ರ್ಗೂ ಕೇಳ್ಲಿ."

ನಾನು ನಾಲ್ಕು ಜನರ ಮುಂದೆ ಮಾತಾಡುವವಳಲ್ಲ. ಮೂರು ವರ್ಷ ಸಾಹಿತ್ಯ ಓದಿ ಒಮ್ಮೆಯೂ ತರಗತಿಯಲ್ಲಿ ಎದ್ದು ಪ್ರಶ್ನೆ ಕೇಳಲಿಲ್ಲ. ಆ ದಿನ ಮಾತ್ರ ಒಂದು ವಾಕ್ಯ ಇಂಗ್ಲಿಷಿನಲ್ಲಿ ಓದಿ, ಅದನ್ನೇ ಕನ್ನಡದಲ್ಲಿ ಹೇಳುತ್ತ ಹೋದೆ. ಅನುವಾದ ಚೆನ್ನಾಗಿ ಬರುತ್ತಿದೆ ಎಂದು ಒಳಗೊಳಗೇ ಸಂತೋಷವೂ ಆಗಿತ್ತು. ಮೂರನೆಯ ವಾಕ್ಯದಲ್ಲಿ ರೋಗದ ಹೆಸರಿತ್ತು. ಬಾಯಿಂದ ಹೊರಬಿದ್ದ ಮೇಲೆ ನನಗದು ಅರ್ಥವಾಯಿತು. ಸೋಮಮ್ಮನವರು ಬಲಗೈಯನ್ನು ಕೊರಳಿಗೆ ಕಟ್ಟಿಕೊಂಡು, ಎಡಗೈಯಲ್ಲಿ ಕ್ಯಾನು ಹಿಡಿದು ನಿಂತಿದ್ದರು. ಅವರಿಗೂ ಅದು ಹೊಸ ಸುದ್ದಿಯೆಂದು ಅವರ ಮುಖ ನೋಡಿದಾಗ ತಿಳಿಯಿತು.

"ಎಮ್ಮೆ ಒದ್ರೆ ಏಡ್ಸು ಬತ್ತದಾ?" ಎಂದರು ಸಾಲಿನಲ್ಲಿದ್ದ ಮಂಚಯ್ಯ.

"ಅಂಗಾರೆ ಈ ಊರ್ನಲ್ಲಿ ಯಾರ್ಲಾ ಉಳ್ದಾರು?" ಎಂದರು ಪಕ್ಕದವರು.

ಎಲ್ಲರೂ ನಕ್ಕರು. ನಕ್ಕವರೇ ಒಂದೊಂದು ಹೆಜ್ಜೆ ಹಿಂದಕ್ಕೆ ಸರಿದರು. ಮಾರನೆಯ ಬೆಳಿಗ್ಗೆ ನಾಗರಾಜು ಸೋಮಮ್ಮನವರಿಗೆ, "ಇನ್ ಮ್ಯಾಕೆ ಆಲು ತರ್ಬ್ಯಾಡ ಕಣಕ್ಕ, ಜನ ಒಪ್ಪಾಕಿಲ್ಲ" ಎಂದರು. ಹಾಲು ಹಾಕದವರು ಸದಸ್ಯರಲ್ಲ, ಸದಸ್ಯರಲ್ಲದವರಿಗೆ ತಮ್ಮ ಆರೋಗ್ಯ ವಿಮೆಯೂ ಇಲ್ಲ. ಎಮ್ಮೆಯ ವಿಮೆ ಮಾತ್ರ ಚಾಲ್ತಿಯಲ್ಲಿದೆ.

ಈ ರೋಗ ಅವರಿಗೆ ಹೇಗೆ ಬಂತೆಂದು ತಮಗೆ ಕುತೂಹಲವಿರಬಹುದು. ಎಮ್ಮೆ ಏಕೆ ಒದ್ದಿತೆಂದು ಕೇಳದವರು ಅದನ್ನೂ ಕೇಳಬೇಕಾಗಿಲ್ಲ. ಏಡ್ಸ್‌ನಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಉಂಟಾದ ಚಿಕಿತ್ಸೆಗೆ ಹಣವಿಲ್ಲ ಎಂಬ ಷರತ್ತನ್ನು ತಮ್ಮ ಕಾಗದ ತೋರಿಸುತ್ತದೆ. ಇದ್ದುದರಲ್ಲಿ ಹೆಚ್ಚು ಕಾಯಿಲೆ ಬೀಳುವವರನ್ನೇ ಹೊರಗಿಟ್ಟು ಅದಕ್ಕೆ ಆರೋಗ್ಯ ವಿಮೆ ಎಂದು ಹೆಸರಿಡುವುದು ಸರಿಯೇ ಎಂಬುದು ಹಾಗಿರಲಿ. ತಮ್ಮ ಷರತ್ತನ್ನು ಒಪ್ಪಿಕೊಂಡೇ ಕೇಳುತ್ತೇನೆ: ಎಮ್ಮೆಯ ಹಿಂಗಾಲು ನೇರ ಕಾರಣವೋ, ಪರೋಕ್ಷ ಕಾರಣವೋ?

ಇಂಥವರಿಗೆ ಬೇರೆ ಯಾವುದಾದರೂ ವಿಮೆ ಉಂಟೇ ಎಂದು ತಿಳಿಯಲು ನಾನು ಕೆ.ಆರ್. ಪೇಟೆಗೆ ಹೋದೆ. ಅಲ್ಲಿಯವರು ನಾಗಮಂಗಲಕ್ಕೆ ಹೋಗಿ ಎಂದರು. ನಾಗಮಂಗಲದ ಏಜೆಂಟರ ಮುಂದೆ ನಾಲಿಗೆ ಏಳದೆ ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಓದಿ, ಚೀಟಿಯನ್ನು ಸ್ಕೇಲಿನ ತುದಿಯಿಂದ ನನ್ನತ್ತ ತಳ್ಳಿದರು.

"ಯಾರ್ಗಮ್ಮ ಇದು, ನಿಮ್ಗಾ?"

"ನನಗೇ ಅಂತ ಇಟ್ಕೊಳ್ಳಿ."

"ಫಾರಮ್ನಲ್ಲಿ ಕಾಯ್ಲೆ ಬರುದ್ರೆ ಪಾಲಿಸಿ ಕೊಡಾಕಿಲ್ಲ. ಬರೀದಿದ್ರೆ ಪಾಲಿಸಿ ಕೊಡ್ತಾರೆ, ಕ್ಲೇಮು ಕೊಡಾಕಿಲ್ಲ."

ಇಷ್ಟು ಸ್ಪಷ್ಟವಾದ ಗದ್ಯವನ್ನು ನಾನು ಬಿ.ಎ.ಯಲ್ಲೂ ಓದಿರಲಿಲ್ಲ.

ಈ ಪತ್ರದ ಒಂದು ಪ್ರತಿಯನ್ನು ಪತ್ರಿಕೆಗೂ ಕಳಿಸಬಹುದೇ ಎಂದು ಕೇಳಲು ಮೊನ್ನೆ ಸೋಮಮ್ಮನವರ ಮನೆಗೆ ಹೋದೆ. ಅದಕ್ಕೆ ಮುಂಚೆ ಎರಡು ಸಲ ಕ್ಷಮೆ ಕೇಳಲು ಹೋಗಿ, ಬಾಗಿಲಿನಿಂದಲೇ ಹಿಂದಿರುಗಿದ್ದೆ. ಹೆಸರು ಬದಲಾಯಿಸಿ ಬರೆಯಲೇ ಎಂದೆ.

"ಊರ್ಗೆಲ್ಲ ಕೇಳಂಗೆ ಓದ್ಬುಟ್ಟು ಈಗ್ಯಾಕವ್ವ ಬದ್ಲಾಯ್ಸೀಯೆ? ಅಂಗೇ ಬರಿ" ಎಂದರು. ಹಾಗೆಯೇ ಮುಂದುವರಿಸಿದರು: "ಎಮ್ಮೆ ಕಿವೀಗ್ ಒಡ್ದವ್ರಲ್ಲ ಬಿಲ್ಲೆ, ಅಂತದೊಂದು ನನ್ ಕಿವೀಗೂ ಒಡೀರಿ ಅಂತ ಬರಿ. ಆಗ್ಲಾರ ಕೈ ಸರಿ ಮಾಡಿಸ್ಯಾರು."

ಬರೆದಿದ್ದೇನೆ. ಬಿಲ್ಲೆ ಹೊಡೆಯುವುದು ಕಷ್ಟವಾದರೆ, ಮುರಿದ ಮೊಣಕೈಯನ್ನು ಮುರಿದ ಮೊಣಕೈಯೆಂದೇ ತಿಳಿದು ಅದರ ಹಣ ಕೊಡಿ. ದೀಪಾವಳಿಯೊಳಗೆ ತಂತಿ ತೆಗೆಸಬೇಕು. ಈ ರೋಗವಿರುವವರಿಗೆ ತಮ್ಮಲ್ಲಿ ಯಾವ ವಿಮೆಯೂ ಇಲ್ಲದಿದ್ದರೆ, ಇಲ್ಲವೆಂದು ಏಜೆಂಟರ ಬಾಯಿಂದ ಮೊದಲೇ ಹೇಳಿಸಿ. ಉತ್ತರವನ್ನು ಕನ್ನಡದಲ್ಲಿ, ಅಂಟಿಸಿದ ಲಕೋಟೆಯಲ್ಲಿ, ಸೋಮಮ್ಮನವರ ಹೆಸರಿಗೇ ಕಳಿಸಿ. ಅದನ್ನು ಓದಿ ಹೇಳಲು ಅವರು ನನ್ನನ್ನೇ ಬಾ ಎಂದಿದ್ದಾರೆ. ಈ ಸಲ ಮೆಲ್ಲಗೆ ಓದುತ್ತೇನೆ.

ಇಂತಿ,
ತಮ್ಮ ಕಾಗದವನ್ನು ತಪ್ಪಿಲ್ಲದೆ ಅನುವಾದಿಸಿದ ತಪ್ಪಿತಸ್ಥೆ,
ಅನು, ಬಿ.ಎ.