ಕಾರ್ಡಿನಲ್ಲಿ ಅಕ್ಕನ ವಯಸ್ಸು

ಜನವರಿ 21, ಮಂಗಳವಾರ

ಕ್ಯಾನ್ಸರ್ ನೋಂದಣಿ ಕಚೇರಿಯಲ್ಲಿ ಇಡೀ ದಿನ ಅಂಕಿಅಂಶಗಳ ಟೇಬಲ್‌ಗಳೇ. ಗರ್ಭಕಂಠದ ಕ್ಯಾನ್ಸರ್, ವಯಸ್ಸಿನ ಪ್ರಕಾರ. ಮೂವತ್ತರ ಆಸುಪಾಸಿನವರಲ್ಲಿ ಇಳಿಕೆ. ಐವತ್ತು ದಾಟಿದವರ ಗೆರೆ ಇಳಿಯಲೊಲ್ಲದು. ಮೇಲಧಿಕಾರಿ ಜಯಸಿಂಹ ಹಿಂದೆ ನಿಂತು ನೋಡಿದರು. "ಟ್ರೆಂಡ್ ಚೆನ್ನಾಗಿದೆ ಕಣ್ರೀ. ಇಳೀತಿರೋದನ್ನ ಮೊದಲನೇ ಪೇಜಿಗೆ ಹಾಕಿ." ಹಾಕಿದೆ.

ಜನವರಿ 26, ಭಾನುವಾರ

ಜಕ್ಕೂರು. ಅಕ್ಕ ಮುನಿಗಂಗಮ್ಮನ ಮನೆ. ಮೊನ್ನೆ ಶಾಲೆಯಲ್ಲಿ ಹೆಂಗಸರಿಗೆ ಕ್ಯಾನ್ಸರ್ ತಪಾಸಣೆ ಇತ್ತಂತೆ. ಸಾಲಿನಲ್ಲಿ ನಿಂತು ಹಾಗೇ ವಾಪಸ್ ಬಂದಿದ್ದಾಳೆ. ನಗುತ್ತಿದ್ದಳು.

"ಅರವತ್ತೈದರವರ್ಗೂ ಅಷ್ಟೇ ಅಂತೆ ಕಣೋ. ಕಾರ್ಡ್ ನೋಡಿ, ಅಜ್ಜಿ, ನಿಮಗೆ ಅರವತ್ತೇಳು, ಮನೆಗೋಗಿ ಅಂದ್ಳು ನರ್ಸು. ಆ ಕಾಯಿಲೆ ಬರೋ ವಯಸ್ಸೇ ದಾಟೋಯ್ತು ನಂಗೆ!"

ಓದುಬರಹ ಬಾರದ ಅಕ್ಕನಿಗೆ ತನ್ನ ವಯಸ್ಸಿನ ಲೆಕ್ಕವಿಲ್ಲ; ನಿಜಕ್ಕೂ ಐವತ್ತೆಂಟು. ನನಗಿಂತ ಆರು ವರ್ಷ ದೊಡ್ಡವಳು, ಅಷ್ಟೇ. ಭಾವ ಕೆಲಸ ಬಿಟ್ಟು ಕೂತಾಗ, ವೃದ್ಧಾಪ್ಯ ವೇತನ ಬೇಗ ಬರಲೆಂದು ಗುರುತಿನ ಕಾರ್ಡಿನ ಅರ್ಜಿಯಲ್ಲಿ ಒಂಬತ್ತು ವರ್ಷ ಸೇರಿಸಿದವನು ನಾನು. ಬೀದಿಯ ಅರ್ಧ ಹೆಂಗಸರಿಗೂ ಸೇರಿಸಿಕೊಟ್ಟೆ. ಓದಿದವನು ನಾನೊಬ್ಬನೇ... ಕಾರ್ಡು ಸುಳ್ಳೆಂದರೆ ವೇತನ ನಿಲ್ಲುತ್ತದೆ. ಬೇರೆ ಕಡೆ ತೋರಿಸೋಣ ಎಂದೆ.

"ಯಾಕೋ, ಗುಂಡುಕಲ್ಲಿನಂಗಿವ್ನಿ."

ಒತ್ತಾಯಿಸಲಿಲ್ಲ.

ಆಗಸ್ಟ್ 12

ವನಿತಾ ಫೋನ್ ಮಾಡಿದಳು, ಅಕ್ಕನ ಮಗಳು. "ಮಾವ, ಅಮ್ಮಂಗೆ ಏಪ್ರಿಲ್‌ನಿಂದ ರಕ್ತ ಹೋಗ್ತಿದೆಯಂತೆ. ಈಗ ಬಾಯಿ ಬಿಟ್ಟಿದ್ದಾಳೆ. ಕೇಳಿದ್ರೆ, ಆ ಕಾಯಿಲೆ ಈ ವಯಸ್ಸಿಗೆ ಬರಲ್ಲ, ಇದು ಬರೀ ಉಷ್ಣ ಅಂತಾಳೆ."

ಆಗಸ್ಟ್ 25, ಸೋಮವಾರ

ಬಯಾಪ್ಸಿ ರಿಪೋರ್ಟ್. ಮೂರನೇ ಹಂತ. ಮೂವತ್ತೈದರ ವನಿತಾಗೂ ಪರೀಕ್ಷೆ ಬರೆದುಕೊಟ್ಟರು. ಆಸ್ಪತ್ರೆಯ ಫಾರಂನಲ್ಲಿ ಅಕ್ಕನ ವಯಸ್ಸು ಅರವತ್ತೇಳು, ಕಾರ್ಡಿನಿಂದ ಇಳಿಸಿದ್ದು. ಆ ಫಾರಂ ಕೊನೆಗೆ ಬರುವುದು ನನ್ನ ಮೇಜಿಗೆ. ನನ್ನದೇ ಟೇಬಲ್ಲಿನ ತಪ್ಪು ವಯಸ್ಸಿನ ಸಾಲಿನಲ್ಲಿ ಕೂರುತ್ತಾಳೆ. ಆ ಸಾಲಿನಲ್ಲಿ ಇನ್ನೆಷ್ಟು ಜನರೋ, ಯಾರ್ಯಾರ ತಮ್ಮಂದಿರು ವಯಸ್ಸು ಏರಿಸಿ ಬರೆದುಕೊಟ್ಟವರೋ...

ಸೆಪ್ಟೆಂಬರ್ 2

ರೇಡಿಯೇಷನ್, ಮೊದಲ ದಿನ. ಹೆಬ್ಬಾಳದಲ್ಲಿ ಮುಕ್ಕಾಲು ಗಂಟೆ ಟ್ರಾಫಿಕ್. ಕಾಯುವ ಬೆಂಚಿನಲ್ಲಿ ಅಕ್ಕ ಪಕ್ಕದವಳಿಗೆ ನನ್ನನ್ನು ತೋರಿಸಿದಳು. "ನಮ್ಮ ತಮ್ಮ. ಈ ಕಾಯಿಲೆ ಲೆಕ್ಕ ಎಲ್ಲಾ ಇವ್ನ್ ತಾವೇ ಇರೋದು."

ಆಮೇಲೆ, ಮೆಲ್ಲಗೆ: "ಅವತ್ತು ಶಾಲೇಲೇ ನೋಡಿದ್ರೆ ಗೊತ್ತಾಗ್ತಿತ್ತೇನೋ?"

ಆಗುತ್ತಿತ್ತೇನೋ, ಎಂದೆ.

"ಆ ನರ್ಸ್ ಮನೆ ಹಾಳಾಗ! ...ನಂಗೆ ನಿಜವಾಗ್ಲೂ ಎಷ್ಟೋ ವಯಸ್ಸು?"

ಅರವತ್ತೇಳು, ಎಂದೆ.

"ಅಂಗಾದ್ರೆ ಆ ಹುಡ್ಗೀದೂ ತಪ್ಪಿಲ್ಲ ಬಿಡು."

ಒಳಗಿನಿಂದ ಹೆಸರು ಕೂಗಿದರು. ಚೀಲ ನನ್ನ ತೊಡೆಯ ಮೇಲಿಟ್ಟು ಎದ್ದಳು. ಬಾಗಿಲ ತನಕ ಹಿಂದೆ ಹೋದೆ. ಕರೆದೆ. ತಿರುಗಿದಳು. ಆಗಲಾದರೂ ನಾನು ಐವತ್ತೆಂಟು ಎನ್ನಬಹುದಿತ್ತು—